ಕುಡಿಯದ ಬಿಯರು

ದೋಣಿಯಿಂದ ದಡಕ್ಕೆ ಹಲಗೆ ಹಾಕಲು
ತಲೆಗೆ ಹತ್ತು ಪೆಸೊ ಅಂದರು.
"ನೀರೇನು ಕಚ್ಚುತ್ತದೆಯೇ" ಅಂತ ಅವನು
ಎರಡೂ ಚೀಲ ತಲೆಗೇರಿಸಿ ತೊಡೆಮಟ್ಟದ ಕಡಲಿಗಿಳಿದ.
ಹಿಂದೆ ನಾನು, ಕೈಯಲ್ಲಿ ನಾಲ್ಕು ಚಪ್ಪಲಿ.
ಇಪ್ಪತ್ತು ಉಳಿಯಿತು. ಒಂದು ಚಪ್ಪಲಿ ತೇಲಿಹೋಯಿತು.
ಉಳಿದದ್ದನ್ನು ಪುಸ್ತಕದಲ್ಲಿ ಬರೆದೆವು,
ಚಪ್ಪಲಿಯನ್ನು ಬರೆಯಲಿಲ್ಲ.

ಸಿಕಿಹೋರ್ ದ್ವೀಪ. ನಾಂಗ್ ಪಾಸಿಂಗಳ ಗುಡಿಸಲು,
ರಾತ್ರಿಗೆ ಮುನ್ನೂರು, ಫ್ಯಾನು ಬೇಕಾದರೆ ಐವತ್ತು ಬೇರೆ.
ಬೇಡ, ಕಡಲ ಗಾಳಿ ಇದೆಯಲ್ಲ, ಅಂದೆವು.
ಅವಳು ಕಡಲಿನತ್ತ ಒಮ್ಮೆ ನೋಡಿ
"ಇದೆ, ಇದೆ" ಅಂದು ಕೀಲಿ ಕೊಟ್ಟಳು.
ಆ ರಾತ್ರಿ ಗಾಳಿ ಯಾರ ಮನೆಗೋ ಊಟಕ್ಕೆ ಹೋಗಿತ್ತು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದ ಹಿರಿಯರು
ಈ ಬಿದಿರು ಮಂಚ ಕಂಡಿರಲಿಲ್ಲ:
ಅವನ ಪಾದಗಳೆರಡೂ ಹೊರಗೆ, ಸೊಳ್ಳೆಗಳ ಪಾಲಿಗೆ.
ನಡುವೆ ಒಂದು ಗೇಣು ಬಿಟ್ಟು
ಸೊಳ್ಳೆಬತ್ತಿಯ ಕೆಂಪು ಚುಕ್ಕೆ ಸುರುಳಿ ಸುತ್ತುವುದನ್ನು
ನೋಡುತ್ತ ಮಲಗಿದೆವು, ಒಂಬತ್ತು ವರ್ಷದ ದಂಪತಿ.

ಮರುದಿನ ಬಂದರಿನಲ್ಲಿ ಬಾವುಟ ಏರಿತು. ಸಿಗ್ನಲ್ ನಂಬರ್ ಒಂದು.
ದೋಣಿಗಳನ್ನೆಲ್ಲ ತೆಂಗಿನ ಬುಡಕ್ಕೆ ಎಳೆದು ಕಟ್ಟಿದರು.
ಊರಿಗೊಂದೇ ಎಟಿಎಂ, ಅದರ ಮೇಲೆ ಗೋಣಿಚೀಲ.
ನಾವು ಕಾಸು ಎಣಿಸಿದೆವು. ಮತ್ತೆ ಎಣಿಸಿದೆವು.
ಅರವತ್ತು ಪೆಸೊ ಇಲ್ಲ.

ಅರವತ್ತಕ್ಕೆ ಒಂದು ಬಿಯರು ಬರುತ್ತದೆ ಅಂತ ನನಗೆ ಗೊತ್ತು.
ಅರವತ್ತಕ್ಕೆ ಒಂದು ಲೋಟ ಮಾವಿನ ಶೇಕು ಅಂತ ಅವನಿಗೂ ಗೊತ್ತು.
ಎರಡು ದಿನ ತಗಡಿನ ಮೇಲೆ ಮಳೆ, ಕೆಳಗೆ ನಾವು.
ಒಣಮೀನಿನ ತಲೆ ಯಾರಿಗೆ ಅನ್ನುವುದಕ್ಕೂ
ಅರವತ್ತು ಪೆಸೊ ಬಂತು,
ನಿನ್ನ ತಮ್ಮನ ಮದುವೆಯ ಉಂಗುರಕ್ಕೂ ಬಂತು.
ಮೂರನೆಯ ರಾತ್ರಿ ಅವನು ಗೋಡೆಗೆ ಮುಖಮಾಡಿ ಹೇಳಿದ:
"ನಾನೇ. ಬಿಯರು ಕುಡಿದೆ."
ನಾನು ಉದಾರವಾಗಿ ಕ್ಷಮಿಸಿದೆ.
ಎಷ್ಟು ಉದಾರವಾಗಿ ಅಂದರೆ
ಮಧ್ಯರಾತ್ರಿ ಎಬ್ಬಿಸಿ ಇನ್ನೊಮ್ಮೆ ಕ್ಷಮಿಸಿದೆ.

ಬೆಳಿಗ್ಗೆ ನಾಂಗ್ ಪಾಸಿಂಗ್ ತೆಂಗಿನಕಾಯಿ ತುರಿಯುತ್ತ
ಪುಸ್ತಕ ಇಸಿದುಕೊಂಡಳು. ನಮ್ಮ ಅಕ್ಷರಕ್ಕೆ ನಕ್ಕಳು,
"ಬೇಯಿಸಿದ ಸಿಗಡಿಗಳು ಸಾಲಾಗಿ ಕೂತಂತಿದೆ."
ಅಂಕಿಗಳು ಮಾತ್ರ ಅವಳವೂ ಹೌದು.
ಮೂವತ್ತು ವರ್ಷ ಕೊಬ್ಬರಿ ತೂಗಿದ ಬೆರಳು
ಸಾಲಿನುದ್ದ ಇಳಿದು, ಒಂದು ಕಡೆ ನಿಂತು, ಹಿಂದಕ್ಕೆ ಹತ್ತಿ,
"ಇಲ್ಲಿ ಆರು ದಶಕ ಬಿಟ್ಟಿದ್ದೀರಿ" ಅಂದಳು.
ಖರ್ಚು ಅಲ್ಲ, ಕೂಡಿದ್ದು ತಪ್ಪು.
ಆಮೇಲೆ ಮಾತು ತನ್ನ ಮಗಳತ್ತ ಹೊರಳಿಸಿದಳು:
ರೋಸಾಲ್ದಾ ಪ್ರವಾಸಿ ಹಡಗಿನಲ್ಲಿ ಹಾಸಿಗೆ ಹಾಸುತ್ತಾಳೆ,
ನಲವತ್ತು ಬಂದರು ಕಂಡಿದ್ದಾಳೆ, ದುಂಡು ಕಿಟಕಿಯಲ್ಲಿ.
"ನೀವು ದುಡ್ಡು ಕೊಟ್ಟು ತಿರುಗುತ್ತೀರಿ,
ಅವಳಿಗೆ ದುಡ್ಡು ಕೊಟ್ಟು ತಿರುಗಿಸುತ್ತಾರೆ.
ಕಾಲು ನೋವು ಇಬ್ಬರಿಗೂ ಒಂದೇ ಇರಬೇಕು."
ಆ ಮಾತು ನನಗೆ ಅರ್ಧ ಮಾತ್ರ ಕೇಳಿಸಿತು.
ನಾನು ಅವನನ್ನು ನೋಡುತ್ತಿದ್ದೆ.
ಕುಡಿಯದ ಬಿಯರಿನ ಗಂಡಸು
ಕೊಡ ಹಿಡಿದು ನಲ್ಲಿಯ ಸಾಲಿನಲ್ಲಿ ನಿಂತಿದ್ದ,
ಬೆನ್ನಿಗೆ ಅಂಟಿದ ಅಂಗಿ, ಸೊಳ್ಳೆ ತಿಂದ ಪಾದ.
ಹೋಗಿ ಹೇಳಬಹುದಿತ್ತು.
ಹೇಳುವುದಕ್ಕೆ ಏನೆಂದು ಶುರು ಮಾಡುವುದು?

ಬಾವುಟ ಇಳಿಯಿತು. ದೋಣಿ ಬಂತು.
ಹಲಗೆ: ತಲೆಗೆ ಹತ್ತು, ಈ ದಿನವೂ.
ಅವನು ಆಗಲೇ ನೀರಿನಲ್ಲಿದ್ದ, ಚೀಲ ತಲೆಯ ಮೇಲೆ.
ನಾನು ಹಲಗೆ ಹತ್ತಿದೆ.
ಮೇಲಿನಿಂದ ನೋಡಿದರೆ ಅವನ ನೆತ್ತಿಯ ಕೂದಲು
ಇಷ್ಟು ತೆಳ್ಳಗಾಗಿದೆ, ಯಾವಾಗ?
"ಬರೆದುಕೋ" ಅಂದ, ನಗುತ್ತ, ಅಲೆ ಉಗುಳುತ್ತ.
ಬರೆದೆ: ಹಲಗೆ, ಹತ್ತು.
ಅದರ ಕೆಳಗೆ: ಚಪ್ಪಲಿ, ಒಂದು.
ಬಿಯರಿನ ಸಾಲನ್ನು ಹೊಡೆದುಹಾಕಲು ಪೆನ್ನು ಎತ್ತಿದೆ,
ದೋಣಿ ಅಲುಗಿತು.